ಇದ್ದಿಲ ಕಡ್ಡಿ ಹಿಡಿದ ತಾಯಿ: ಕೇಥೆ ಕೋಲ್ವಿಟ್ಸ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನ ಪರಿಚಯ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಇದೇ ಶಾಲೆಯಲ್ಲಿ ಓದಿ, ಈಗ ಬೇರೊಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕನಾಗಿರುವ ನಾನು ಚಿತ್ರ ಬಿಡಿಸಿದವರೊಬ್ಬರ ಬಗ್ಗೆ ಬರೆಯುವುದೇ ಸರಿ. ರಾಜಾ ರವಿವರ್ಮ, ನಮ್ಮ ಮೈಸೂರಿನ ಕೆ. ವೆಂಕಟಪ್ಪ ಇವರ ಹೆಸರು ನಮ್ಮ ಮಕ್ಕಳಿಗೆ ಗೊತ್ತು. ನಾನು ಆರಿಸಿಕೊಂಡಿರುವುದು ನಮ್ಮ ಕಡೆ ಅಷ್ಟಾಗಿ ಕೇಳಿರದ ಒಬ್ಬ ತಾಯಿಯನ್ನು. ಜರ್ಮನಿಯ ಕೇಥೆ ಕೋಲ್ವಿಟ್ಸ್ ಅವರನ್ನು.

ಕಾರಣ ಇಷ್ಟೇ. ಶಾಲೆಯಲ್ಲಿ ನಾವು ಶಿಕ್ಷಕರು ದಿನಕ್ಕೆ ಹತ್ತು ಸಲ ಹೇಳುವ ಮಾತು ಏಕಾಗ್ರತೆ. ಮನಸ್ಸಿಟ್ಟು ಓದು, ಗಮನವಿಟ್ಟು ಕೇಳು ಎನ್ನುತ್ತೇವೆ. ಆದರೆ ಏಕಾಗ್ರತೆ ನೋಡಲು ಹೇಗಿರುತ್ತದೆ? ಒಂದು ಮುಖದ ಮೇಲೆ ಅದು ಎಲ್ಲಿ ಕೂತಿರುತ್ತದೆ? ಅದನ್ನು ಕಾಗದದ ಮೇಲೆ ತೋರಿಸು ಎಂದರೆ ದೊಡ್ಡ ಕಲಾವಿದರೂ ತಡವರಿಸುತ್ತಾರೆ. ಕೇಥೆ 1933ರಲ್ಲಿ ಒಂದು ಇದ್ದಿಲ ಕಡ್ಡಿಯಿಂದ ಅದನ್ನು ತೋರಿಸಿದರು. ಆ ಚಿತ್ರಕ್ಕೆ ಬರುವ ಮೊದಲು ಅವರ ಬದುಕನ್ನು ತಿಳಿಯಬೇಕು. ಏಕೆಂದರೆ ಆ ಚಿತ್ರದಲ್ಲಿರುವ ನೋಟ ಒಂದು ದಿನದಲ್ಲಿ ಬಂದದ್ದಲ್ಲ, ಅದಕ್ಕೆ ಐವತ್ತು ವರ್ಷ ಹಿಡಿದಿತ್ತು.

ಕೇಥೆ ಹುಟ್ಟಿದ್ದು 1867ರ ಜುಲೈ 8ರಂದು, ಕ್ಯೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ. ಆಗ ಅದು ಪ್ರಷ್ಯಾ ರಾಜ್ಯದ ಬಂದರು ಪಟ್ಟಣ. ಇಂದು ರಷ್ಯಾಕ್ಕೆ ಸೇರಿ ಕಾಲಿನಿನ್‌ಗ್ರಾಡ್ ಎಂದು ಕರೆಸಿಕೊಳ್ಳುತ್ತಿದೆ. ತಂದೆ ಕಾರ್ಲ್ ಶ್ಮಿಟ್ ಕಾನೂನು ಓದಿದವರು. ಸರ್ಕಾರದ ರೀತಿನೀತಿ ಮನಸ್ಸಿಗೆ ಒಗ್ಗದೆ ಆ ದಾರಿ ಬಿಟ್ಟು ಗಾರೆ ಕೆಲಸ ಕಲಿತು ಮನೆ ಕಟ್ಟಿಸುವ ಮೇಸ್ತ್ರಿಯಾದರು. ತಾಯಿಯ ತಂದೆ ಯೂಲಿಯುಸ್ ರುಪ್ ಧರ್ಮಬೋಧಕರು. ಸರ್ಕಾರಿ ಚರ್ಚಿನ ಹಂಗು ತೊರೆದು ಸ್ವತಂತ್ರ ಸಭೆಯೊಂದನ್ನು ಕಟ್ಟಿದವರು. ಒಪ್ಪದ್ದನ್ನು ಒಪ್ಪೆನೆನ್ನುವ ಗುಣ ಈ ಹುಡುಗಿಗೆ ಎರಡೂ ಕಡೆಯಿಂದ ಬಂದಿತ್ತು.

ಮಗಳ ಕೈಯಲ್ಲಿ ಗೆರೆ ನಿಲ್ಲುತ್ತದೆ ಎಂಬುದನ್ನು ತಂದೆ ಬೇಗ ಕಂಡುಕೊಂಡರು. ಆಕೆ ಹದಿನಾಲ್ಕರ ಆಸುಪಾಸಿನಲ್ಲಿದ್ದಾಗಲೇ ಊರಿನ ತಾಮ್ರದಚ್ಚಿನ ಕುಶಲಕರ್ಮಿಯೊಬ್ಬರ ಬಳಿ ಪಾಠಕ್ಕೆ ಸೇರಿಸಿದರು. ಆ ಕಾಲದಲ್ಲಿ ಬರ್ಲಿನ್ನಿನ ಕಲಾ ಅಕಾಡೆಮಿಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಹಾಗಾಗಿ ಬರ್ಲಿನ್ ಮತ್ತು ಮ್ಯೂನಿಕ್ ನಗರಗಳಲ್ಲಿ ಹೆಣ್ಣುಮಕ್ಕಳಿಗೆಂದೇ ಇದ್ದ ಕಲಾಶಾಲೆಗಳಲ್ಲಿ ಕಲಿತರು. ಬರ್ಲಿನ್ನಿನ ಗುರು ಕಾರ್ಲ್ ಸ್ಟಾಫರ್-ಬರ್ನ್ ಈ ಹುಡುಗಿಯ ಬಲ ಬಣ್ಣದಲ್ಲಿಲ್ಲ, ಗೆರೆಯಲ್ಲಿದೆ ಎಂದು ಗುರುತಿಸಿದರು. ಕೇಥೆಗೂ ನಿಧಾನವಾಗಿ ಅದು ಮನವರಿಕೆಯಾಯಿತು. ಎಣ್ಣೆಬಣ್ಣವನ್ನು ಬದಿಗಿಟ್ಟು ಪೆನ್ಸಿಲ್, ಇದ್ದಿಲು, ತಾಮ್ರದಚ್ಚು, ಕಲ್ಲಚ್ಚು, ಮುಂದೆ ಮರದಚ್ಚು ಹೀಗೆ ಕಪ್ಪು ಬಿಳುಪಿನಲ್ಲೇ ಬದುಕಿಡೀ ದುಡಿದರು. ಕಪ್ಪು ಬಿಳುಪಿನ ಅಚ್ಚಿಗೆ ಇನ್ನೊಂದು ಗುಣವಿತ್ತು. ಒಂದು ತಗಡಿನಿಂದ ಹತ್ತಾರು ಪ್ರತಿ ತೆಗೆಯಬಹುದು. ಚಿತ್ರ ಶ್ರೀಮಂತರ ಗೋಡೆಗೆ ಮಾತ್ರ ಮೀಸಲಾಗದೆ ಬಡವರ ಕೈಗೂ ಸಿಗುತ್ತದೆ.

1891ರಲ್ಲಿ ಕಾರ್ಲ್ ಕೋಲ್ವಿಟ್ಸ್ ಎಂಬ ವೈದ್ಯರೊಂದಿಗೆ ಮದುವೆಯಾಯಿತು. ದಂಪತಿ ಬರ್ಲಿನ್ನಿನ ಉತ್ತರ ಭಾಗದ ಕೂಲಿಕಾರರ ಬಡಾವಣೆಯಲ್ಲಿ ಮನೆ ಮಾಡಿದರು. ಕೇಥೆ ಅಲ್ಲಿಯೇ ಐವತ್ತಕ್ಕೂ ಹೆಚ್ಚು ವರ್ಷ ಇದ್ದರು. ಪತಿಯ ದವಾಖಾನೆಗೆ ಬರುತ್ತಿದ್ದವರು ದರ್ಜಿಗಳು, ಕಾರ್ಖಾನೆಯವರು, ಅವರ ಹೆಂಡಿರು ಮಕ್ಕಳು. ಕೆಮ್ಮು, ಹಸಿವು, ಮೇಲಿಂದ ಮೇಲೆ ಬಸಿರು, ಕುಡುಕ ಗಂಡ, ಕೆಲಸ ಕಳೆದುಕೊಂಡ ಮನೆ ಇವೆಲ್ಲ ಆ ಬಾಗಿಲಿಗೆ ಬರುತ್ತಿದ್ದವು. ಎಷ್ಟೋ ಹೆಂಗಸರು ಔಷಧಿ ತೆಗೆದುಕೊಂಡ ಮೇಲೆ ಡಾಕ್ಟರ ಹೆಂಡತಿಯ ಬಳಿ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ಕೇಥೆ ಕೇಳಿದರು, ನೋಡಿದರು, ಬಿಡಿಸಿದರು. ಮೊದಮೊದಲು ದುಡಿಯುವವರ ಮೈಕಟ್ಟು, ಮುಖ ಚೆಂದ ಎಂದೇ ಅವರನ್ನು ಬಿಡಿಸುತ್ತಿದ್ದರಂತೆ. ಕಷ್ಟದ ಅರಿವು ಬಂದದ್ದು ಆಮೇಲೆ, ಹತ್ತಿರದಿಂದ ನೋಡಿದ ಮೇಲೆ.

ಅವರಿಗೆ ಹೆಸರು ತಂದದ್ದು ನೇಕಾರರ ದಂಗೆಯ ಚಿತ್ರಮಾಲೆ. 1844ರಲ್ಲಿ ಸೈಲೀಷಿಯಾ ಪ್ರಾಂತ್ಯದ ಕೈಮಗ್ಗದ ನೇಕಾರರು ಕೂಲಿ ಸಾಲದೆ ಬಂಡೆದ್ದಿದ್ದರು. ಗೆರ್ಹಾರ್ಟ್ ಹೌಪ್ಟ್‌ಮನ್ ಅದನ್ನು ನಾಟಕ ಮಾಡಿದ್ದರು. 1893ರಲ್ಲಿ ಆ ನಾಟಕ ನೋಡಿದ ಕೇಥೆ ಕೈಯಲ್ಲಿದ್ದ ಬೇರೆ ಕೆಲಸ ಬಿಟ್ಟು ನಾಲ್ಕು ವರ್ಷ ಇದಕ್ಕೇ ಕೂತರು. ಅಷ್ಟು ಹೊತ್ತಿಗೆ ಮನೆಯಲ್ಲಿ ಹಾನ್ಸ್ ಮತ್ತು ಪೀಟರ್ ಎಂಬ ಇಬ್ಬರು ಗಂಡುಮಕ್ಕಳು. ಕೂಸು, ಒಲೆ, ದವಾಖಾನೆ ಇವುಗಳ ನಡುವೆಯೇ ಆರು ಚಿತ್ರ ಮುಗಿದವು. 1898ರ ಬರ್ಲಿನ್ ಪ್ರದರ್ಶನದಲ್ಲಿ ಹಿರಿಯ ಕಲಾವಿದ ಆಡೋಲ್ಫ್ ಮೆನ್ಸೆಲ್ ಈ ಮಾಲೆಗೆ ಚಿನ್ನದ ಪದಕ ಸಲ್ಲಬೇಕೆಂದು ಸೂಚಿಸಿದರು. ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಒಪ್ಪಲಿಲ್ಲ. ಮರುವರ್ಷ ಡ್ರೆಸ್ಡೆನ್ ನಗರ ಅದೇ ಚಿತ್ರಗಳಿಗೆ ಪದಕ ಕೊಟ್ಟಿತು.

ಮುಂದಿನದು ರೈತರ ಯುದ್ಧದ ಮಾಲೆ. 16ನೆಯ ಶತಮಾನದ ಜರ್ಮನ್ ರೈತರ ಬಂಡಾಯವನ್ನು ಕುರಿತ ಏಳು ಅಚ್ಚುಗಳು. ಅದರಲ್ಲಿ ಒಂದನ್ನು ನಮ್ಮೂರಿನವರು ನೋಡಿದರೆ ಯಾರೂ ವಿವರಿಸಬೇಕಿಲ್ಲ. ಒಬ್ಬ ಹೆಂಗಸು ಹುಲ್ಲು ಕೊಯ್ಯುವ ದೊಡ್ಡ ಕತ್ತಿಯನ್ನು ಮಸೆಯುತ್ತಿದ್ದಾಳೆ. ಅಲಗು ಮುಖಕ್ಕೆ ತಾಗುವಷ್ಟು ಹತ್ತಿರ. ಕಣ್ಣು ಹೆಚ್ಚುಕಡಿಮೆ ಮುಚ್ಚಿದೆ. ಆದರೆ ಆ ಕಿರಿದಾದ ಕಣ್ಣಿನಲ್ಲಿ ಇಡೀ ಮನಸ್ಸು ಬಂದು ನಿಂತಿದೆ. ಹುಬ್ಬು ಗಂಟಿಕ್ಕಿಲ್ಲ, ಹಲ್ಲು ಕಚ್ಚಿಲ್ಲ. ಏಕಾಗ್ರತೆ ಎಂದರೆ ಮುಖ ಬಿಗಿಯುವುದಲ್ಲ ಎಂಬುದನ್ನು ಈ ಹೆಂಗಸಿನ ಮುಖ ನೋಡಿ ಕಲಿಯಬೇಕು.

1903ರ ಇನ್ನೊಂದು ಚಿತ್ರದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಸತ್ತ ಮಗುವನ್ನು ಎದೆಗೆ ಅವುಚಿಕೊಂಡು ಕುಳಿತ ತಾಯಿಯ ಚಿತ್ರ ಅದು. ಅದಕ್ಕೆ ಕೇಥೆ ತಾವೇ ಮಾದರಿಯಾದರು. ಏಳು ವರ್ಷದ ಮಗ ಪೀಟರನನ್ನು ತೋಳಿನಲ್ಲಿ ಹಿಡಿದುಕೊಂಡು ಕನ್ನಡಿಯ ಮುಂದೆ ಕೂತು ಬಿಡಿಸಿದರು. ಆ ಭಂಗಿಯಲ್ಲಿ ಬಹಳ ಹೊತ್ತು ಇರುವುದು ಕಷ್ಟವಾಗಿ ಅವರು ನರಳಿದಾಗ, ಚಿತ್ರ ತುಂಬಾ ಚೆನ್ನಾಗಿ ಬರುತ್ತದೆ ಅಮ್ಮಾ ಎಂಬ ಅರ್ಥದಲ್ಲಿ ಆ ಕೂಸೇ ಸಮಾಧಾನ ಹೇಳಿತಂತೆ.

ಹನ್ನೊಂದು ವರ್ಷದ ನಂತರ, 1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾಯಿತು. ಪೀಟರನಿಗೆ ಆಗ ಹದಿನೆಂಟು. ಸ್ವಯಂಸೇವಕನಾಗಿ ಸೈನ್ಯ ಸೇರುತ್ತೇನೆ ಎಂದು ಹಟ ಹಿಡಿದ. ವಯಸ್ಸು ಸಾಲದ್ದರಿಂದ ತಂದೆಯ ಒಪ್ಪಿಗೆ ಬೇಕಿತ್ತು. ತಂದೆ ಬೇಡವೆಂದರು. ಮಗನ ಪರವಾಗಿ ಮಾತಾಡಿ ಗಂಡನನ್ನು ಒಪ್ಪಿಸಿದ್ದು ಕೇಥೆಯೇ. ಅಕ್ಟೋಬರ್ ತಿಂಗಳಲ್ಲಿ, ಹೋಗಿ ಕೆಲವೇ ದಿನಗಳಲ್ಲಿ, ಪೀಟರ್ ಬೆಲ್ಜಿಯಂನ ರಣರಂಗದಲ್ಲಿ ಮಡಿದ.

ಈ ನೋವನ್ನು ಆ ತಾಯಿ ಹೇಗೆ ಹೊತ್ತರು ಎಂಬುದೇ ನನ್ನ ದೃಷ್ಟಿಯಲ್ಲಿ ಅವರ ಬದುಕಿನ ತಿರುಳು. ಮಗನಿಗೊಂದು ಸ್ಮಾರಕ ಮಾಡಬೇಕೆಂದು ಅದೇ ವರ್ಷ ನಿಶ್ಚಯಿಸಿದರು. ಕೆಲಸ ಶುರುಮಾಡಿದರು, ಸರಿಬರಲಿಲ್ಲ. ವರ್ಷಗಟ್ಟಲೆ ಮಾಡಿದ್ದನ್ನು 1919ರಲ್ಲಿ ಬಿಟ್ಟುಬಿಟ್ಟರು. ಕೆಲವು ವರ್ಷ ಕಳೆದು ಮತ್ತೆ ಕೈಹಾಕಿದರು. ಕೊನೆಗೆ 1932ರಲ್ಲಿ ಕಲ್ಲಿನಲ್ಲಿ ಕಡೆದ ಎರಡು ವಿಗ್ರಹಗಳು ಬೆಲ್ಜಿಯಂನ ಸೈನಿಕರ ಸ್ಮಶಾನದಲ್ಲಿ ನಿಂತವು. ಮೊಣಕಾಲೂರಿದ ಒಬ್ಬ ತಂದೆ, ತಲೆ ಬಾಗಿಸಿದ ಒಬ್ಬ ತಾಯಿ. ಅವು ಕಾರ್ಲ್ ಮತ್ತು ಕೇಥೆಯರ ರೂಪಗಳೇ. ಮಗನ ವಿಗ್ರಹ ಅಲ್ಲಿಲ್ಲ. ಇಬ್ಬರೂ ಬೇರೆ ಬೇರೆ ಪೀಠದ ಮೇಲಿದ್ದಾರೆ, ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಹದಿನೆಂಟು ವರ್ಷ ಬದುಕಿದ ಮಗನಿಗಾಗಿ ಹೆಚ್ಚುಕಡಿಮೆ ಹದಿನೆಂಟು ವರ್ಷದ ಕೆಲಸ. ಇಂದು ಆ ವಿಗ್ರಹಗಳು ಬೆಲ್ಜಿಯಂನ ವ್ಲಾಡ್ಸ್ಲೋ ಎಂಬ ಊರಿನ ಸೈನಿಕರ ಸ್ಮಶಾನದಲ್ಲಿವೆ. ಪೀಟರನ ಸಮಾಧಿಯೂ ಅಲ್ಲಿಯೇ ಇದೆ.

ಈ ನಡುವೆ ಗೌರವಗಳೂ ಬಂದವು. 1919ರಲ್ಲಿ ಪ್ರಷ್ಯಾದ ಕಲಾ ಅಕಾಡೆಮಿಯ ಸದಸ್ಯತ್ವ ಮತ್ತು ಪ್ರಾಧ್ಯಾಪಕ ಪದವಿ ದೊರೆತವು. ಒಂದು ಕಾಲದಲ್ಲಿ ಹೆಣ್ಣೆಂಬ ಕಾರಣಕ್ಕೆ ಯಾವ ಬಾಗಿಲು ಮುಚ್ಚಿತ್ತೋ ಅಲ್ಲಿಯೇ ಈ ಮನ್ನಣೆ. ಯುದ್ಧದ ನಂತರದ ಹಸಿವಿನ ಕಾಲದಲ್ಲಿ ಅವರು ಮಾಡಿದ ಭಿತ್ತಿಚಿತ್ರಗಳು ಬೀದಿಬೀದಿಯಲ್ಲಿ ಅಂಟಿದವು. ಖಾಲಿ ಬಟ್ಟಲು ಎತ್ತಿ ಹಿಡಿದು ಮೇಲೆ ನೋಡುವ ಮಕ್ಕಳ ಚಿತ್ರ ಅವುಗಳಲ್ಲೊಂದು. ಶಾಲೆಯ ಬಿಸಿಯೂಟದ ಸಾಲನ್ನು ದಿನಾ ನೋಡುವ ನಮಗೆ ಆ ಕಣ್ಣುಗಳು ಏನು ಕೇಳುತ್ತಿವೆ ಎಂದು ತಿಳಿಯುತ್ತದೆ. ಯುದ್ಧ ಇನ್ನೆಂದೂ ಬೇಡ ಎಂದು ಕೈಯೆತ್ತಿ ಕೂಗುವ ತರುಣನ ಚಿತ್ರ ಬಂದದ್ದು 1924ರಲ್ಲಿ.

1933ರಲ್ಲಿ ಹಿಟ್ಲರನ ಸರ್ಕಾರ ಬಂತು. ಚುನಾವಣೆಗೆ ಮೊದಲು, ಅವನನ್ನು ತಡೆಯಲು ಎಡಪಕ್ಷಗಳು ಒಂದಾಗಬೇಕೆಂಬ ಮನವಿಗೆ ಸಹಿ ಹಾಕಿದವರಲ್ಲಿ ಕೇಥೆಯೂ ಒಬ್ಬರು. ಅದರ ಫಲವಾಗಿ ಅಕಾಡೆಮಿಯಿಂದ ಹೊರಬರಬೇಕಾಯಿತು. ಪಾಠ ಹೇಳುವ ಕೆಲಸ ಹೋಯಿತು, ಅಲ್ಲಿನ ಚಿತ್ರಶಾಲೆಯ ಕೋಣೆಯೂ ಹೋಯಿತು. ನಾನು ಮೊದಲಿಗೆ ಹೇಳಿದ ಇದ್ದಿಲ ಚಿತ್ರ ಅದೇ ವರ್ಷದ್ದು. ಈಗ ಅದು ಅಮೆರಿಕದ ವಾಷಿಂಗ್ಟನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ.

ಕಂದು ಬಣ್ಣದ ಕಾಗದ. ಅಗಲ ಸುಮಾರು 63 ಸೆಂಟಿಮೀಟರ್, ಎತ್ತರ ಸುಮಾರು 48. ಕೇಥೆ ತಮ್ಮನ್ನೇ ಪಕ್ಕದಿಂದ ಬಿಡಿಸಿಕೊಂಡಿದ್ದಾರೆ. ಒಂದು ಬದಿಯಲ್ಲಿ ತಲೆ, ಇನ್ನೊಂದು ಬದಿಯಲ್ಲಿ ಚಿತ್ರದ ಹಲಗೆ. ಎರಡರ ನಡುವೆ ಚಾಚಿದ ತೋಳು, ತುದಿಯಲ್ಲಿ ಕಡ್ಡಿ ಹಿಡಿದ ಕೈ. ಮುಖವನ್ನು ಎಚ್ಚರದಿಂದ ತಿದ್ದಿದ್ದಾರೆ. ಹಣೆ, ಮೂಗು, ಮುಚ್ಚಿದ ತುಟಿ, ಭಾರವಾದ ರೆಪ್ಪೆ ಎಲ್ಲವೂ ಇರುವಂತೆಯೇ ಇವೆ. ವಯಸ್ಸನ್ನು ಬಚ್ಚಿಟ್ಟಿಲ್ಲ. ಕೈಯೂ ಸ್ಪಷ್ಟ. ಆದರೆ ಭುಜದಿಂದ ಕೈಯವರೆಗಿನ ತೋಳನ್ನು ನೋಡಿ! ಅಲ್ಲಿ ತೋಳೇ ಇಲ್ಲ. ಇದ್ದಿಲನ್ನು ಒತ್ತಿ ಹಿಡಿದು ಹಿಂದೆ ಮುಂದೆ ಎಳೆದ ಅಂಕುಡೊಂಕಾದ ದಪ್ಪ ಗೀಟುಗಳಿವೆ, ಮಿಂಚಿನ ಹಾಗೆ. ಎದೆ, ಬಟ್ಟೆ ಎಲ್ಲ ನಾಲ್ಕಾರು ಗೀಟಿನಲ್ಲಿ ಮುಗಿದಿದೆ.

ಅಷ್ಟರಲ್ಲೇ ಗುಟ್ಟು ಇದೆ. ಮನಸ್ಸಿಟ್ಟು ಕೆಲಸ ಮಾಡುವವನಿಗೆ ತನ್ನ ತೋಳಿನ ನೆನಪಿರುವುದಿಲ್ಲ, ಅಂಗಿಯ ನೆನಪಿರುವುದಿಲ್ಲ. ಇರುವುದು ಎರಡೇ, ನೋಡುವ ಕಣ್ಣು ಮತ್ತು ಮಾಡುವ ಕೈ. ಕೇಥೆ ಆ ಎರಡನ್ನು ಉಳಿಸಿಕೊಂಡು ನಡುವಿನ ತೋಳನ್ನು ಕಣ್ಣಿನಿಂದ ಕೈಗೆ ಹರಿಯುವ ಶಕ್ತಿಯನ್ನಾಗಿ ಮಾಡಿಬಿಟ್ಟರು. ಅಕಾಡೆಮಿ ಕೈಬಿಟ್ಟ ವರ್ಷ, ಅರವತ್ತೈದು ದಾಟಿದ ಹೆಂಗಸು, ಮಗನನ್ನು ಕಳೆದುಕೊಂಡ ತಾಯಿ. ಚಿತ್ರದಲ್ಲಿ ಅಳು ಇಲ್ಲ, ಸಿಟ್ಟು ಇಲ್ಲ. ನನ್ನಿಂದ ಏನನ್ನು ಕಿತ್ತುಕೊಂಡರೂ ಈ ನೋಟವನ್ನು ಕಿತ್ತುಕೊಳ್ಳಲಾಗದು ಎಂದು ಆ ಮುಖ ಹೇಳುತ್ತಿದೆ ಎಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ.

ಇದನ್ನು ನಾನು ತರಗತಿಯಲ್ಲಿ ಮಕ್ಕಳಿಗೆ ತೋರಿಸುತ್ತೇನೆ. ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳಿಗೂ, ಚಿತ್ರ ಬಾರದೆಂದು ಹಿಂದೆ ಕೂರುವ ಮಕ್ಕಳಿಗೂ ಇದರಿಂದ ಕಲಿಯುವುದಿದೆ. ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿಗಳಿಗಾಗಿ ಅದನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದು, ಸುಮ್ಮನೆ ಕುಳಿತವರನ್ನು ಬಿಡಿಸಬೇಡಿ, ಕೆಲಸದಲ್ಲಿರುವವರನ್ನು ಬಿಡಿಸಿ. ಸೂಜಿಗೆ ದಾರ ಪೋಣಿಸುವ ಅಜ್ಜಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಅಮ್ಮ, ಸೈಕಲ್ ಪಂಕ್ಚರ್ ಹಾಕುವ ಅಣ್ಣ. ಗಮನವಿಟ್ಟವರ ತಲೆ ಕೆಲಸದ ಕಡೆಗೆ ತುಸು ವಾಲಿರುತ್ತದೆ. ಆ ವಾಲು ಸಿಕ್ಕರೆ ಅರ್ಧ ಚಿತ್ರ ಸಿಕ್ಕಿತು. ಎಚ್‌ಬಿ ಪೆನ್ಸಿಲಿನಿಂದ ಬಹಳ ತೆಳುವಾಗಿ ತಲೆಯ ಆಕಾರ ಹಾಕಿ, ಕಣ್ಣಿನಿಂದ ಬೆರಳ ತುದಿಗೆ ಒಂದು ಗೆರೆ ಎಳೆದು ನೋಡಿ. ಅವರು ನೋಡುತ್ತಿರುವ ಜಾಗಕ್ಕೇ ಅದು ಮುಟ್ಟಬೇಕು. ಆ ಗೆರೆ ತಪ್ಪಿದರೆ ಎಷ್ಟು ತಿದ್ದಿದರೂ ಮುಖ ಎಲ್ಲೋ ನೋಡುತ್ತಿರುತ್ತದೆ.

ಎರಡನೆಯದು ಕಣ್ಣು. ಕೆಳಗೆ ನೋಡುವಾಗ ಮೇಲಿನ ರೆಪ್ಪೆ ಇಳಿದು ಕಣ್ಣಾಲಿಯ ಮೇಲ್ಭಾಗವನ್ನು ಮುಚ್ಚುತ್ತದೆ. ಪೂರ್ತಿ ಗುಂಡಗಿನ ಕಣ್ಣಾಲಿ ಬರೆದರೆ ಅದು ಬೆದರಿದ ಕಣ್ಣಾಗುತ್ತದೆಯೇ ಹೊರತು ಗಮನದ ಕಣ್ಣಾಗುವುದಿಲ್ಲ. ಹುಬ್ಬುಗಳನ್ನು ವಿಪರೀತ ಗಂಟಿಕ್ಕಿದರೆ ಸಿಟ್ಟು ಬರುತ್ತದೆ. ತುಟಿ ಸಾಮಾನ್ಯವಾಗಿ ಸಡಿಲವಾಗಿಯೇ ಇರುತ್ತದೆ.

ಮೂರನೆಯದು ಇದ್ದಿಲು. ಪೆನ್ಸಿಲಿನ ಸೀಸ ನುಣುಪು, ಸ್ವಲ್ಪ ಹೊಳೆಯುತ್ತದೆ. ಇದ್ದಿಲು ಹೊಳೆಯದ ಗಾಢ ಕಪ್ಪು. ಪೆನ್ಸಿಲನ್ನು ಒತ್ತಿ ತೀಡಿದ ಜಾಗದಲ್ಲಿ ಇದ್ದಿಲು ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಪೆನ್ಸಿಲ್ ಗೆರೆ ತೆಳುವಾಗಿರಲಿ, ದೊಡ್ಡ ನೆರಳನ್ನು ಇದ್ದಿಲಿನಿಂದ ತುಂಬಿ, ಬಟ್ಟೆಯಿಂದ ಒರೆಸಿ ಮೆದು ಮಾಡಿ. ಬೆಳಕು ಬೇಕಾದ ಕಡೆ ರಬ್ಬರಿನಿಂದ ಎತ್ತಿ ತೆಗೆಯಿರಿ. ಅತಿ ಗಾಢ ಕಪ್ಪನ್ನೂ ಅತಿ ಚೂಪಾದ ಅಂಚನ್ನೂ ಕಣ್ಣು ಮತ್ತು ಕೈಬೆರಳಿಗೆ ಮಾತ್ರ ಇಟ್ಟುಕೊಳ್ಳಿ. ಕಿವಿ, ಕೂದಲು, ಅಂಗಿ ಇವನ್ನು ಅರೆಬರೆ ಬಿಡಿ. ನೋಡುವವರ ಕಣ್ಣು ಚೂಪಾದ ಕಡೆಗೇ ಹೋಗುತ್ತದೆ. ಅಂಗಡಿಯ ಚಾರ್ಕೋಲ್ ಕಡ್ಡಿಗೆ ದುಡ್ಡಿಲ್ಲದಿದ್ದರೆ ಚಿಂತೆ ಬೇಡ. ಒಣಗಿದ ಸಣ್ಣ ಕಡ್ಡಿಗಳ ಸಿಪ್ಪೆ ತೆಗೆದು, ಮುಚ್ಚಳಕ್ಕೆ ಒಂದು ಸಣ್ಣ ತೂತು ಮಾಡಿದ ತಗಡಿನ ಡಬ್ಬಿಯಲ್ಲಿ ತುಂಬಿ, ದೊಡ್ಡವರ ಕೈಯಲ್ಲಿ ಒಲೆಯ ಕೆಂಡಕ್ಕೆ ಇಡಿಸಿ. ಹೊಗೆ ನಿಂತು ಡಬ್ಬಿ ಪೂರ್ತಿ ತಣ್ಣಗಾದ ಮೇಲೆ ತೆರೆದರೆ ಬಿಡಿಸುವ ಇದ್ದಿಲು ಸಿದ್ಧ. ಬಿಸಿಯಿರುವಾಗ ತೆರೆದರೆ ಗಾಳಿ ಸೋಕಿ ಉರಿದು ಬೂದಿಯಾಗುತ್ತದೆ.

ಕೇಥೆಯವರ ಉಳಿದ ಬದುಕನ್ನು ಹೇಳಿ ಮುಗಿಸುತ್ತೇನೆ. 1936ರ ನಂತರ ಅವರ ಚಿತ್ರಗಳನ್ನು ಪ್ರದರ್ಶಿಸುವುದಕ್ಕೆ ಅಘೋಷಿತ ತಡೆ ಬಿತ್ತು. ಬೇರೆ ದೇಶಕ್ಕೆ ಹೋಗುವ ಅವಕಾಶವಿದ್ದರೂ ಹೋಗಲಿಲ್ಲ. ಅದೇ 1936ರಲ್ಲಿ ಚೀನಾದ ಪ್ರಸಿದ್ಧ ಲೇಖಕ ಲು ಶುನ್ ಅವರ ಅಚ್ಚುಗಳ ಸಂಪುಟವೊಂದನ್ನು ಅಲ್ಲಿ ಪ್ರಕಟಿಸಿದರು. ಸ್ವಂತ ಊರಿನಲ್ಲಿ ಮುಚ್ಚಿದ ಚಿತ್ರಗಳು ದೂರದ ದೇಶದ ತರುಣರಿಗೆ ಪಾಠವಾದವು. 1940ರಲ್ಲಿ ಪತಿ ತೀರಿಕೊಂಡರು. 1942ರ ಹೊತ್ತಿಗೆ ಅವರು ಕೊನೆಯ ಕಲ್ಲಚ್ಚು ಮಾಡಿದರು. ಒಬ್ಬ ತಾಯಿ ತನ್ನ ಎರಡೂ ತೋಳು ಚಾಚಿ ಮೂವರು ಹುಡುಗರನ್ನು ಒಳಗೆ ಅವಿತಿಟ್ಟುಕೊಂಡಿದ್ದಾಳೆ. ಹುಡುಗರು ಹೊರಗೆ ಇಣುಕುತ್ತಿದ್ದಾರೆ. ಬಿತ್ತನೆಯ ಕಾಳನ್ನು ಬೀಸಬಾರದು ಎಂಬುದು ಆ ಚಿತ್ರಕ್ಕೆ ಅವರು ಕೊಟ್ಟ ಹೆಸರಿನ ಅರ್ಥ. ಎಂಥ ಬರಗಾಲದಲ್ಲೂ ಬೀಜದ ಜೋಳವನ್ನು ಮುಟ್ಟದ ನಮ್ಮ ರೈತರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅದೇ 1942ರಲ್ಲಿ, ಸತ್ತ ಮಗನ ಹೆಸರನ್ನೇ ಇಟ್ಟಿದ್ದ ಮೊಮ್ಮಗ ಪೀಟರ್ ಕೂಡ ರಷ್ಯಾದ ಯುದ್ಧಭೂಮಿಯಲ್ಲಿ ಮಡಿದ.

1943ರಲ್ಲಿ ಬಾಂಬು ಬಿದ್ದು, ಅರ್ಧ ಶತಮಾನ ಬಾಳಿದ ಮನೆ ನಾಶವಾಯಿತು. ಅಲ್ಲಿದ್ದ ಎಷ್ಟೋ ಚಿತ್ರಗಳೂ ಹೋದವು. ಕೊನೆಯ ದಿನಗಳನ್ನು ಡ್ರೆಸ್ಡೆನ್ ಬಳಿಯ ಮೊರಿಟ್ಸ್‌ಬರ್ಗ್ ಎಂಬ ಊರಿನಲ್ಲಿ ಕಳೆದು, 1945ರ ಏಪ್ರಿಲ್ 22ರಂದು ಕಣ್ಣು ಮುಚ್ಚಿದರು. ಯುರೋಪಿನಲ್ಲಿ ಯುದ್ಧ ಮುಗಿಯಲು ಉಳಿದಿದ್ದುದು ಹದಿನಾರು ದಿನ ಮಾತ್ರ. ಅವರು ಬಾಳಿದ ಬೀದಿಗೆ ಇಂದು ಅವರದೇ ಹೆಸರು. ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡ ತಾಯಿಯ ಅವರ ಪುಟ್ಟ ಶಿಲ್ಪವನ್ನು ದೊಡ್ಡದಾಗಿ ಎರಕ ಹೊಯ್ದು 1993ರಲ್ಲಿ ಬರ್ಲಿನ್ನಿನ ರಾಷ್ಟ್ರೀಯ ಸ್ಮಾರಕದಲ್ಲಿ ಇರಿಸಿದ್ದಾರೆ.

ಅವರು ತಮ್ಮ ಮುಖವನ್ನು ಬದುಕಿನುದ್ದಕ್ಕೂ ನೂರರ ಆಸುಪಾಸು ಸಲ ಬಿಡಿಸಿಕೊಂಡರು. ಅದು ಚೆಂದ ಕಾಣುವ ಆಸೆಯಿಂದಲ್ಲ. ಬೇರೆಯವರ ಕಷ್ಟವನ್ನು ಯಾವ ಕಣ್ಣಿನಿಂದ ನೋಡುತ್ತಿದ್ದರೋ ಅದೇ ಕಣ್ಣಿನಿಂದ ತಮ್ಮನ್ನೂ ನೋಡಿಕೊಂಡರು. ಏಕಾಗ್ರತೆ ಎಂದರೆ ಕಣ್ಣು ಮುಚ್ಚಿ ಲೋಕವನ್ನು ಮರೆಯುವುದಲ್ಲ, ಎದುರಿಗಿರುವುದನ್ನು ಕೊನೆಯವರೆಗೂ ನೋಡುವುದು, ಬೇಡದ್ದನ್ನು ಬಿಡುವುದು. ಅವರ ಬದುಕಿನಿಂದ ನಾನು ತಿಳಿದದ್ದು ಇದು.

ಇಂದು ಎಷ್ಟೋ ಶಾಲೆಗಳಲ್ಲಿ ಹತ್ತನೆಯ ತರಗತಿಗೆ ಬರುತ್ತಿದ್ದಂತೆ ಡ್ರಾಯಿಂಗ್ ಪೀರಿಯಡ್ಡು ಗಣಿತಕ್ಕೋ ವಿಜ್ಞಾನಕ್ಕೋ ಹೋಗಿಬಿಡುತ್ತದೆ. ಫಲಿತಾಂಶದ ಒತ್ತಡ ನನಗೂ ಗೊತ್ತು. ಆದರೂ ಹಿರಿಯರಲ್ಲಿ, ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಒಂದು ಮುಖವನ್ನು ನಲವತ್ತು ನಿಮಿಷ ಬಿಡದೆ ನೋಡಿ ಬಿಡಿಸಿದ ಹುಡುಗಿ ಗಣಿತದ ಲೆಕ್ಕವನ್ನೂ ಅದೇ ಕಣ್ಣಿನಿಂದ ನೋಡುತ್ತಾಳೆ, ಮನೆಯವರ ಮುಖವನ್ನೂ ನೋಡುತ್ತಾಳೆ. ವಾರಕ್ಕೊಂದು ಆ ಪೀರಿಯಡ್ಡನ್ನು ಮಕ್ಕಳಿಗೇ ಬಿಡೋಣ. ಅದು ನಮ್ಮ ಬಿತ್ತನೆಯ ಕಾಳು.

ಐವತ್ತು ವಸಂತ ಕಂಡ ನಮ್ಮ ಶಾಲೆ ನೂರನ್ನೂ ಕಾಣಲಿ. ಇಲ್ಲಿನ ಮಕ್ಕಳ ಕಣ್ಣು ಚುರುಕಾಗಲಿ, ಕೈ ಗಟ್ಟಿಯಾಗಲಿ ಎಂದು ಹಾರೈಸುತ್ತೇನೆ.